"ದಿನಾಂಕಕ್ಕೆ ಒಂದು ದಿನ ಸೇರಿಸಿಕೊಳ್ಳಿ": ಏಳು ತಿಂಗಳು ನಮ್ಮ ಕಿವಿಗೆ ಬೀಳದ ಒಂದು ತಪ್ಪು

ಕೀಲಿಮಣೆ

ಹನ್ನೊಂದು ವರ್ಷದಿಂದ ಸಾಫ್ಟ್‌ವೇರ್ ಬರೆಯುತ್ತಿದ್ದೇನೆ. ಕಳೆದ ವಾರ ನೋಡಿದ ಒಂದು ಚೀಟಿ ತಲೆಯಿಂದ ಹೋಗುತ್ತಿಲ್ಲ. ಸ್ವಲ್ಪ ಉದ್ದ ಬರೆಯುತ್ತೇನೆ, ಓದಿ.

ನಮ್ಮ ತಂಡ ಆಸ್ಪತ್ರೆಗಳಿಗೆ ಅಪಾಯಿಂಟ್‌ಮೆಂಟ್ ಸಾಫ್ಟ್‌ವೇರ್ ಮಾಡುತ್ತದೆ. ಹೊಸ ಪ್ರಿಂಟರ್ ಜೋಡಿಸುವ ಕೆಲಸಕ್ಕೆ ಒಂದು ಆಸ್ಪತ್ರೆಗೆ ಹೋಗಿದ್ದೆ. ರಕ್ತ ಪರೀಕ್ಷೆಯ ಕೌಂಟರಿನ ಗಾಜಿನ ಮೇಲೆ ಕೈಯಲ್ಲಿ ಬರೆದ ಒಂದು ಚೀಟಿ ಅಂಟಿಸಿದ್ದರು. "ಮೊಬೈಲಿಗೆ ಬಂದ ಮೆಸೇಜಿನ ದಿನಾಂಕಕ್ಕೆ ಒಂದು ದಿನ ಸೇರಿಸಿಕೊಳ್ಳಿ." ಟೇಪು ಹಳದಿ ಆಗಿತ್ತು. ಎಷ್ಟು ದಿನದಿಂದ ಹೀಗಿದೆ ಎಂದು ಕೇಳಿದೆ. "ಏಳು ತಿಂಗಳು ಆಗಿರಬೇಕು ಸರ್" ಎಂದರು.

ಆ ಮೆಸೇಜ್ ಕಳಿಸುವುದು ನಮ್ಮ ಸಾಫ್ಟ್‌ವೇರ್.

ರಾತ್ರಿ ಕೂತು ಹುಡುಕಿದೆ. ಡಾಕ್ಟರ ಅಪಾಯಿಂಟ್‌ಮೆಂಟಿಗೆ ದಿನ, ಹೊತ್ತು ಎರಡೂ ಇರುತ್ತವೆ. ರಕ್ತ ಪರೀಕ್ಷೆಗೆ ದಿನ ಮಾತ್ರ. ಹೊತ್ತು ಇಲ್ಲದ ಕಡೆ ನಮ್ಮ ಕೋಡ್ ಸುಮ್ನೆ ನಡುರಾತ್ರಿ 12 ಎಂದು ಹಾಕಿಕೊಂಡು ಉಳಿಸುತ್ತಿತ್ತು. ಹಳೆಯ ಸರ್ವರಿನ ಗಡಿಯಾರ ಸ್ಥಳೀಯ ಸಮಯದಲ್ಲಿತ್ತು. ಏಳು ತಿಂಗಳ ಹಿಂದೆ ಎಲ್ಲವನ್ನೂ ಕಂಟೈನರ್‌ಗಳಿಗೆ, ಅಂದರೆ ಸಾಫ್ಟ್‌ವೇರನ್ನು ಬೇರೆಬೇರೆಯಾಗಿ ಓಡಿಸುವ ಡಬ್ಬಿಗಳಂಥ ವ್ಯವಸ್ಥೆಗೆ, ಸಾಗಿಸಿದೆವು. ಅವು ಬೇರೆ ಹೇಳದಿದ್ದರೆ ಯುಟಿಸಿಯಲ್ಲೇ, ಅಂದರೆ ಗ್ರೀನಿಚ್ ಆಧಾರದ ಜಾಗತಿಕ ಸಮಯದಲ್ಲೇ ಓಡುತ್ತವೆ. ಗ್ರೀನಿಚ್‌ಗಿಂತ ಪೂರ್ವಕ್ಕಿರುವ ಊರಿನಲ್ಲಿ ನಡುರಾತ್ರಿ ಆದಾಗ ಯುಟಿಸಿಯಲ್ಲಿ ಇನ್ನೂ ಹಿಂದಿನ ದಿನ. ಹಾಗಾಗಿ 15ನೇ ತಾರೀಕಿನ ಪರೀಕ್ಷೆಗೆ 14 ಎಂದು ಮೆಸೇಜ್ ಹೋಗುತ್ತಿತ್ತು. ಬೆಳಗ್ಗೆ ಹತ್ತು ಗಂಟೆಯ ಅಪಾಯಿಂಟ್‌ಮೆಂಟಿಗೆ ದಿನ ಬದಲಾಗುವುದಿಲ್ಲ, ಅದಕ್ಕೆ ಡಾಕ್ಟರ ಕಡೆಯವರಿಗೆ ಗೊತ್ತೇ ಆಗಲಿಲ್ಲ. ನಮ್ಮ ಲ್ಯಾಪ್‌ಟಾಪ್‌ಗಳಲ್ಲೂ ಎಲ್ಲ ಸರಿಯಾಗೇ ಕಾಣುತ್ತಿತ್ತು, ಯಾಕೆಂದರೆ ಅವು ಸ್ಥಳೀಯ ಸಮಯದಲ್ಲಿವೆ.

ರಕ್ತ ಪರೀಕ್ಷೆಗೆ ಜನ ಖಾಲಿ ಹೊಟ್ಟೆಯಲ್ಲಿ ಬರುತ್ತಾರೆ. ವಯಸ್ಸಾದವರು ಬರುತ್ತಾರೆ. ಒಂದು ದಿನ ಮೊದಲೇ ಬಂದು, ಚೀಟಿ ನೋಡಿ, ವಾಪಸ್ ಹೋಗಿ, ಮರುದಿನ ಮತ್ತೆ ಬರುತ್ತಿದ್ದರು. ಏಳು ತಿಂಗಳು.

ನನಗೆ ಬೇಜಾರು ಆಗುವುದು ಇಲ್ಲಿ. ಅಷ್ಟು ಜನರಲ್ಲಿ ಒಬ್ಬರೂ ನಮಗೆ ಒಂದು ಸಾಲು ಬರೆಯಲಿಲ್ಲ. ಆ್ಯಪ್‌ನಲ್ಲಿ "ತೊಂದರೆ ತಿಳಿಸಿ" ಎಂಬ ಬಟನ್ ಇದೆ. ಯಾರೂ ಒತ್ತಲಿಲ್ಲ. ಕೌಂಟರಿನವರು ಚೀಟಿ ಅಂಟಿಸಿ ಸುಮ್ಮನಾದರು. ಒಂದೇ ಒಂದು ಟಿಕೆಟ್ (ದಾಖಲಾದ ದೂರು) ನಮ್ಮವರೆಗೆ ಬಂದಿತ್ತು, ಅದನ್ನೂ ನಮ್ಮ ತಂಡದಲ್ಲಿ "ನಮ್ಮಲ್ಲಿ ಹಾಗೆ ಆಗುತ್ತಿಲ್ಲ" ಎಂದು ಬರೆದು ಮುಚ್ಚಿದ್ದರು. ಈಗ ಸರಿಮಾಡಲು ಎರಡು ದಿನ ಕೊಡಿ ಎಂದರೆ, ಈ ಸ್ಪ್ರಿಂಟಿನಲ್ಲಿ (ಈ ಸುತ್ತಿನ ಕೆಲಸದ ಪಟ್ಟಿಯಲ್ಲಿ) ಜಾಗ ಇಲ್ಲ, ಹೊಸ ಡ್ಯಾಶ್‌ಬೋರ್ಡ್ ಮೊದಲು ಎನ್ನುತ್ತಾರೆ. ಯಾರಿಗೂ ಬೇಡವಾದ ಕೆಲಸಕ್ಕೆ ನಾನೊಬ್ಬನೇ ಒದ್ದಾಡುತ್ತಿದ್ದೇನೆ ಅನ್ನಿಸುತ್ತದೆ. ನಿಮಗೂ ಹೀಗೆ ಆಗುತ್ತಾ?

ಹೊಸಬ

ಆಗುತ್ತೆ ಅಣ್ಣ. ಕೆಲಸಕ್ಕೆ ಸೇರಿ ಒಂದು ವರ್ಷ ಆಯಿತು. ನಾನು ಮಾಡಿದ್ದು ಕೆಟ್ಟರೆ ಮಾತ್ರ ನನ್ನ ಹೆಸರು ಮೀಟಿಂಗಿನಲ್ಲಿ ಬರುತ್ತದೆ.

ಪರೀಕ್ಷಕಿ

ಟೆಸ್ಟಿಂಗ್ ಮಾಡುವವಳು ನಾನು. "ನನ್ನ ಮೆಷಿನ್‌ನಲ್ಲಿ ಸರಿಯಾಗಿದೆ" ಎಂಬ ಮಾತನ್ನು ದಿನಕ್ಕೆ ಒಮ್ಮೆಯಾದರೂ ಕೇಳುತ್ತೇನೆ. ನಿಮ್ಮ ಮೆಷಿನ್‌ನಲ್ಲಿ ಸರಿಯಾಗಿರುವುದೇ ಇಲ್ಲಿ ಸುಳಿವು ಆಗಬೇಕಿತ್ತು ಅಲ್ವಾ? ಇಲ್ಲಿ ಸರಿ, ಅಲ್ಲಿ ತಪ್ಪು ಎಂದರೆ ಎರಡು ಕಡೆ ಏನು ಬೇರೆ ಎಂದು ಹುಡುಕಬೇಕು. ಸಮಯವಲಯ, ಭಾಷೆಯ ಸೆಟ್ಟಿಂಗ್, ಡೇಟಾಬೇಸಿನ ಆವೃತ್ತಿ, ಇಷ್ಟನ್ನು ನೋಡಿದರೆ ಅರ್ಧ ಪ್ರಶ್ನೆಗಳು ಅಲ್ಲೇ ಬಗೆಹರಿಯುತ್ತವೆ.

ಒಂದು ಸಲಹೆ. ನಿಮ್ಮ ಟೆಸ್ಟ್‌ಗಳನ್ನು ದಿನಾ ರಾತ್ರಿ ಮೂರು ಸಮಯವಲಯಗಳಲ್ಲಿ ಓಡಿಸಿ. ಯುಟಿಸಿ ಒಂದು, ಅದಕ್ಕಿಂತ ತುಂಬ ಮುಂದಿರುವುದು ಒಂದು, ತುಂಬ ಹಿಂದಿರುವುದು ಒಂದು. ಜಗತ್ತಿನಲ್ಲಿ ಯುಟಿಸಿಗಿಂತ 14 ಗಂಟೆ ಮುಂದಿರುವ ದ್ವೀಪಗಳೂ ಇವೆ. ಅಲ್ಲಿನ ಸಮಯ ಇಟ್ಟು ಓಡಿಸಿದರೆ ದಿನಾಂಕದ ತಪ್ಪುಗಳು ತಾವೇ ಹೊರಗೆ ಬರುತ್ತವೆ. ಇನ್ನು ಬರೀ ದಿನ ಬೇಕಾದ ಕಡೆ ಬರೀ ದಿನವನ್ನೇ ಉಳಿಸಿ. ನಡುರಾತ್ರಿಯನ್ನು ಅದಕ್ಕೆ ಅಂಟಿಸಬೇಡಿ. ಹುಟ್ಟಿದ ದಿನಾಂಕಕ್ಕೆ ಸಮಯವಲಯ ಯಾಕೆ ಬೇಕು ಹೇಳಿ?

ಹಳೇಕೈ

ನಾನು ಈ ಕೆಲಸ ಶುರು ಮಾಡಿದ್ದು 1990ರ ದಶಕದಲ್ಲಿ. ಕಡೆಯ ಎರಡು ವರ್ಷ ಪೂರ್ತಿ ವೈ2ಕೆ ಕೆಲಸ, ಅಂದರೆ 2000ನೇ ಇಸವಿ ಬಂದಾಗ ಕಂಪ್ಯೂಟರ್‌ಗಳು ಕೆಡದಂತೆ ಸರಿಮಾಡುವುದು. ಹಿಂದೆ ಮೆಮೊರಿ ತುಂಬ ದುಬಾರಿ, ಅದಕ್ಕೆ ವರ್ಷವನ್ನು ಎರಡೇ ಅಂಕಿಯಲ್ಲಿ ಬರೆದಿದ್ದರು. 99 ಆದ ಮೇಲೆ 00 ಬಂದರೆ ಅದು 1900 ಆಗುತ್ತದೆ. ಬಡ್ಡಿ, ವಯಸ್ಸು, ಅವಧಿ ಎಲ್ಲವೂ ತಲೆಕೆಳಗೆ. ಕೋಬಾಲ್ ಎಂಬ ಹಳೆಯ ಕಂಪ್ಯೂಟರ್ ಭಾಷೆಯ ಕೋಡಿನ ಸಾಲುಸಾಲನ್ನೂ ಕೈಯಾರೆ ನೋಡಿದ್ದೇವೆ. ರಾತ್ರಿ ಹಗಲು ನೋಡಿದ್ದೇವೆ.

2000 ಜನವರಿ 1 ಬಂತು. ಅಲ್ಲಲ್ಲಿ ಸಣ್ಣಪುಟ್ಟ ತೊಂದರೆ ಬಿಟ್ಟರೆ ಏನೂ ಆಗಲಿಲ್ಲ. ಆಮೇಲೆ ಜನ ಏನೆಂದರು? "ಸುಮ್ನೆ ಹೆದರಿಸಿದರು, ಏನೂ ಇರಲಿಲ್ಲ" ಎಂದರು. ಇಂದಿಗೂ ಹಾಗೆ ಹೇಳುವವರು ಇದ್ದಾರೆ. ನನ್ನ ಮನೆಯವರೇ ಹೇಳಿದ್ದಾರೆ. ಅದು ಇಷ್ಟು ವರ್ಷ ಆದರೂ ನನಗೆ ನೋಯುತ್ತದೆ, ಮುಚ್ಚಿಡುವುದಿಲ್ಲ.

ಇನ್ನೊಂದು ಮಾತು. ಎಷ್ಟೋ ಕಡೆ ನಾಲ್ಕು ಅಂಕಿಗೆ ಬದಲಿಸಲು ಸಮಯ ಸಾಲಲಿಲ್ಲ. 00ರಿಂದ 19ರವರೆಗೆ ಇದ್ದರೆ 2000ದಿಂದ 2019, ಉಳಿದದ್ದು 1920ರಿಂದ 1999 ಎಂದು ಲೆಕ್ಕ ಹಾಕಿಸಿ ಮುಂದೆ ಹೋದರು. 2020ರ ಜನವರಿಯಲ್ಲಿ ಅಂಥ ಕೆಲವು ಕಡೆ ಮತ್ತೆ ತಪ್ಪು ಕಾಣಿಸಿತು. ಬರೆದವರು ಅಷ್ಟರೊಳಗೆ ಯಾರಾದರೂ ಸರಿಮಾಡಿರುತ್ತಾರೆ ಎಂದುಕೊಂಡಿದ್ದರು. ಮುಂದಿನದು 2038ರ ಜನವರಿ 19, ಯುಟಿಸಿ ಪ್ರಕಾರ ಬೆಳಗಿನ ಜಾವ 3 ಗಂಟೆ 14 ನಿಮಿಷ 7 ಸೆಕೆಂಡ್. 1970ರಿಂದ ಸೆಕೆಂಡ್ ಎಣಿಸುತ್ತಾ ಬಂದಿರುವ 32 ಬಿಟ್‌ನ ಎಣಿಕೆ (ಅದಕ್ಕೆ ಒಂದು ಮಿತಿಯವರೆಗೆ ಮಾತ್ರ ಎಣಿಸಲು ಜಾಗ) ಅಲ್ಲಿಗೆ ತುಂಬುತ್ತದೆ. ದೊಡ್ಡ ಸರ್ವರ್‌ಗಳು ಬಹುಪಾಲು 64 ಬಿಟ್‌ಗೆ ಹೋಗಿವೆ. ಯಂತ್ರಗಳ ಒಳಗೆ ಕೂತಿರುವ ಸಣ್ಣ ಚಿಪ್‌ಗಳದ್ದೇ ಚಿಂತೆ. ಅದಕ್ಕೆ ಈಗಲೇ ಸಮಯ ಕೊಡಿ ಎಂದು ಕೇಳಿ ನೋಡಿ, ನಿಮ್ಮ ಡ್ಯಾಶ್‌ಬೋರ್ಡಿನ ಉತ್ತರವೇ ಸಿಗುತ್ತದೆ.

ಕೀಲಿಮಣೆ

ಸರ್, ನೀವು ಬರೆದದ್ದನ್ನು ಎರಡು ಸಲ ಓದಿದೆ. ಮೇಡಂ, ಮೂರು ಸಮಯವಲಯದ ಟೆಸ್ಟ್ ಇವತ್ತೇ ಹಾಕಿದೆ. ಹಾಕಿದ ತಕ್ಷಣ ಬೇರೆ ಎರಡು ಕಡೆಯೂ ಕೆಂಪಾಯಿತು, ಅಂದರೆ ತಪ್ಪು ಸಿಕ್ಕಿತು. ಒಂದು, ತಿಂಗಳ ಕೊನೆಯ ದಿನದ ವರದಿ.

ನನ್ನ ಕೊರಗು ಹೊಗಳಿಕೆ ಸಿಗಲಿಲ್ಲ ಎಂದಲ್ಲ. ಜನ ಯಾಕೆ ಹೀಗೆ ಸಹಿಸಿಕೊಂಡು ಹೋಗುತ್ತಾರೆ? ತಪ್ಪು ಕಂಡರೂ ಯಾಕೆ ಹೇಳುವುದಿಲ್ಲ? ಆ ನಿರ್ಲಕ್ಷ್ಯ ನನಗೆ ಅರ್ಥ ಆಗುತ್ತಿಲ್ಲ.

ಕೌಂಟರ್ ನಂ. 3

ನಾನು ಸಾಫ್ಟ್‌ವೇರಿನವಳಲ್ಲ. ನೀವು ಹೇಳಿದ ಆಸ್ಪತ್ರೆಯವಳೂ ಅಲ್ಲ, ಬೇರೆ ಕಡೆ ಇಂಥದ್ದೇ ಕೌಂಟರಿನಲ್ಲಿ ಒಂಬತ್ತು ವರ್ಷದಿಂದ ಕೂರುತ್ತೇನೆ. ನಿರ್ಲಕ್ಷ್ಯ ಎಂದಿರಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ತಪ್ಪು ತಿಳಿಯಬೇಡಿ.

ನಮ್ಮ ಮುಂದೆ ಸಾಲು ನಿಂತಿರುತ್ತದೆ. ಸ್ಕ್ರೀನ್ ಸಿಕ್ಕಿಹಾಕಿಕೊಂಡರೆ ಬೈಸಿಕೊಳ್ಳುವವರು ನಾವು, ನೀವಲ್ಲ. ನಿಮ್ಮಂಥವರಿಗೆ ಹೇಳಬೇಕು ಎಂದರೆ ಒಂದು ನಂಬರಿಗೆ ಫೋನ್ ಮಾಡಬೇಕು. ಮೊದಲು ಒಂದು ಒತ್ತಿ, ಆಮೇಲೆ ನಾಲ್ಕು ಒತ್ತಿ. ಅವರು ಟಿಕೆಟ್ ನಂಬರ್ ಕೊಡುತ್ತಾರೆ. ಸ್ಕ್ರೀನ್‌ಶಾಟ್ ಕಳಿಸಿ, ಯಾವ ಆವೃತ್ತಿ ಹೇಳಿ, ಬ್ರೌಸರ್ ಯಾವುದು ಹೇಳಿ, ಆಫ್ ಮಾಡಿ ಆನ್ ಮಾಡಿ ಎನ್ನುತ್ತಾರೆ. ಎಲ್ಲ ಮಾಡಿದ ಮೇಲೆ ಒಂದು ಇಮೇಲ್ ಬರುತ್ತದೆ, "ನಿಮ್ಮ ದೂರನ್ನು ಪರಿಹರಿಸಲಾಗಿದೆ" ಎಂದು. ಏನೂ ಪರಿಹಾರ ಆಗಿರುವುದಿಲ್ಲ. ಮೂರು ಸಲ ಹೀಗಾದ ಮೇಲೆ ನಾನು ಫೋನ್ ಮಾಡುವುದು ಬಿಟ್ಟೆ. ಮೇಜಿನ ಡ್ರಾಯರಿನಲ್ಲಿ ಒಂದು ನೋಟ್‌ಪುಸ್ತಕ ಇಟ್ಟಿದ್ದೇನೆ. ಯಾವ ಸ್ಕ್ರೀನಿನಲ್ಲಿ ಏನು ತಪ್ಪು ಬರುತ್ತದೆ, ಅದನ್ನು ದಾಟುವುದು ಹೇಗೆ ಎಂದು ಬರೆದಿದೆ. ಹೊಸಬರು ಕೆಲಸಕ್ಕೆ ಬಂದರೆ ಮೊದಲು ಅದನ್ನೇ ಕೊಡುತ್ತೇವೆ.

ಇನ್ನು ಬರುವ ಜನ. ತಪ್ಪು ದಿನ ಬಂದವರು ನಮ್ಮ ಮೇಲೆ ಕೂಗಾಡುತ್ತಾರೆ ಎಂದುಕೊಂಡಿರಾ? ಬಹಳ ಮಂದಿ "ಕ್ಷಮಿಸಮ್ಮ, ನಾನೇ ಸರಿಯಾಗಿ ನೋಡಲಿಲ್ಲ ಅನ್ಸುತ್ತೆ" ಎನ್ನುತ್ತಾರೆ. ಮೆಸೇಜು ಕಂಪ್ಯೂಟರಿನಿಂದ ಬಂದದ್ದು, ಅದು ತಪ್ಪಾಗಲ್ಲ, ತಪ್ಪು ನಂದೇ ಎಂದು ಅವರಿಗೆ ಅನ್ನಿಸುತ್ತದೆ. ಅವರು ಯಾಕೆ ನಿಮ್ಮ ಬಟನ್ ಒತ್ತುತ್ತಾರೆ?

ಆ ಚೀಟಿ ಬರೆದವರು ಸುಮ್ಮನೆ ಕೂತವರಲ್ಲ. ಅವರ ಕೈಯಲ್ಲಿ ಆಗುವುದನ್ನು ಅವರು ಮಾಡಿದ್ದಾರೆ.

ಲೆಕ್ಕದವಳು

ಕೌಂಟರ್ ಅಕ್ಕ ಹೇಳಿದ್ದು ನೂರಕ್ಕೆ ನೂರು ನಿಜ. ನಾನು ಲೆಕ್ಕಪತ್ರದ ಕೆಲಸದವಳು. ಬ್ರಿಟನ್ನಿನ ಅಂಚೆ ಕಚೇರಿಗಳ ಹೊರೈಜನ್ ಸಾಫ್ಟ್‌ವೇರಿನ ವಿಷಯ ಗೊತ್ತಿಲ್ಲದವರು ದಯವಿಟ್ಟು ತಿಳಿದುಕೊಳ್ಳಿ.

1999ರಿಂದ ಅಲ್ಲಿನ ಅಂಚೆ ಶಾಖೆಗಳಿಗೆ ಆ ಸಾಫ್ಟ್‌ವೇರ್ ಬಂತು. ಅದು ಇಲ್ಲದ ಕೊರತೆಯನ್ನು ಲೆಕ್ಕದಲ್ಲಿ ತೋರಿಸುತ್ತಿತ್ತು. ಶಾಖೆ ನಡೆಸುವವರು ಸಹಾಯವಾಣಿಗೆ ಫೋನ್ ಮಾಡಿದರೆ, ಬೇರೆ ಯಾರಿಗೂ ಹೀಗಾಗುತ್ತಿಲ್ಲ, ನಿಮಗೊಬ್ಬರಿಗೇ ಎಂದು ಎಷ್ಟೋ ಜನರಿಗೆ ಹೇಳಿದರು. ಅವರಿಗೆ ಒಬ್ಬರ ವಿಷಯ ಇನ್ನೊಬ್ಬರಿಗೆ ಗೊತ್ತಿರಲಿಲ್ಲ. ಕೈಯಿಂದ ಹಣ ಹಾಕಿ ಲೆಕ್ಕ ಸರಿದೂಗಿಸಿದರು. ಮನೆ ಮಾರಿದರು. ಕಳ್ಳತನದ, ಸುಳ್ಳು ಲೆಕ್ಕದ ಕೇಸು ಬಿತ್ತು. 900ಕ್ಕೂ ಹೆಚ್ಚು ಮಂದಿಗೆ ಶಿಕ್ಷೆ ಆಯಿತು. ಕೆಲವರು ಜೈಲಿಗೆ ಹೋದರು. ಕಂಪ್ಯೂಟರ್ ಸರಿಯಾಗಿ ಕೆಲಸ ಮಾಡುತ್ತಿದೆ ಎಂದೇ ಮೊದಲಿಗೆ ಅಂದುಕೊಳ್ಳಬೇಕು ಎಂಬ ನಿಯಮ ಆ ದೇಶದ ಕೋರ್ಟುಗಳಲ್ಲಿತ್ತು. ತಪ್ಪಿದೆ ಎಂದು ತೋರಿಸುವ ಭಾರ ಕೌಂಟರಿನ ಹಿಂದೆ ಕೂತವರ ತಲೆ ಮೇಲೆ. ಅವರ ಬಳಿ ಕೋಡೂ ಇಲ್ಲ, ಲಾಗೂ (ಸಿಸ್ಟಮ್ ತಾನೇ ಬರೆದಿಡುವ ದಾಖಲೆ) ಇಲ್ಲ.

555 ಮಂದಿ ಸೇರಿ ಕೋರ್ಟಿಗೆ ಹೋದರು. 2019ರ ಡಿಸೆಂಬರಿನಲ್ಲಿ, ಸಾಫ್ಟ್‌ವೇರಿನಲ್ಲೇ ದೋಷ ಇತ್ತು ಎಂದು ತೀರ್ಪು ಬಂತು. ಇಂಗ್ಲೆಂಡಿನ ಆ ಶಿಕ್ಷೆಗಳನ್ನು ಒಟ್ಟಾಗಿ ರದ್ದು ಮಾಡುವ ಕಾಯಿದೆ ಬಂದದ್ದು 2024ರಲ್ಲಿ. ಅಷ್ಟರಲ್ಲಿ ಎಷ್ಟೋ ಜನ ತೀರಿಹೋಗಿದ್ದರು.

ಅವರು ಹೇಳಲಿಲ್ಲ ಎಂದು ಯಾರೂ ಅನ್ನುವಂತಿಲ್ಲ. ಹೇಳಿದರು. ಮತ್ತೆ ಮತ್ತೆ ಹೇಳಿದರು.

ಹೊಸಬ

ಇದು ನನಗೆ ಗೊತ್ತೇ ಇರಲಿಲ್ಲ. ಕಾಲೇಜಿನಲ್ಲಿ ಇದನ್ನು ಯಾರೂ ಹೇಳಿಕೊಡಲಿಲ್ಲ. ಲೂಪು, ಪಾಯಿಂಟರು ಕಲಿಯುವ ಮೊದಲ ವಾರದಲ್ಲೇ ಇದನ್ನು ಹೇಳಬೇಕು.

ತಂಡದ ಹೊಣೆಯವನು

ನಾನು ಮ್ಯಾನೇಜರ್. ಬೈಸಿಕೊಳ್ಳುವ ಜಾಗದಲ್ಲಿ ಕೂತಿದ್ದೇನೆ ಎಂದು ಗೊತ್ತು, ಆದರೂ ಬರೆಯುತ್ತೇನೆ. "ಕೋಡ್ ಸರಿಯಿಲ್ಲ, ಎರಡು ದಿನ ಕೊಡಿ" ಎಂದು ಬಂದರೆ ನನಗೆ ಅದರ ತೂಕ ಗೊತ್ತಾಗುವುದಿಲ್ಲ. ಅಂಥ ಮಾತು ವಾರಕ್ಕೆ ಹತ್ತು ಬರುತ್ತವೆ. ಅದೇ, "ಖಾಲಿ ಹೊಟ್ಟೆಯಲ್ಲಿ ಬಂದ ವಯಸ್ಸಾದವರನ್ನು ದಿನಾ ವಾಪಸ್ ಕಳಿಸುತ್ತಿದ್ದಾರೆ, ಏಳು ತಿಂಗಳಿಂದ" ಎಂದು ಆ ಚೀಟಿಯ ಫೋಟೋ ತಂದು ಮೇಜಿನ ಮೇಲೆ ಇಟ್ಟರೆ? ನಾನಾಗಿದ್ದರೆ ಅವತ್ತೇ ಡ್ಯಾಶ್‌ಬೋರ್ಡ್ ನಿಲ್ಲಿಸುತ್ತಿದ್ದೆ. ನಿಮ್ಮ ಮ್ಯಾನೇಜರಿಗೆ ಯಾವ ಮಾತಿನಲ್ಲಿ ಹೇಳಿದಿರಿ, ನೆನಪು ಮಾಡಿಕೊಳ್ಳಿ.

ರಾತ್ರಿಪಾಳಿ

ಎಲ್ಲರಿಗೂ ಹೇಳುವ ಬಾಯಿ ಇಲ್ಲ, ಕೇಳುವ ಕಿವಿಯೂ ಇಲ್ಲ. ನಾನು ಸರ್ವರ್ ನೋಡಿಕೊಳ್ಳುವ ಪಾಳಿಯವನು, ಬಿಡುವಿನಲ್ಲಿ ಒಂದು ಸಣ್ಣ ಓಪನ್ ಸೋರ್ಸ್ ಲೈಬ್ರರಿಯನ್ನು, ಅಂದರೆ ಯಾರು ಬೇಕಾದರೂ ತಮ್ಮ ಸಾಫ್ಟ್‌ವೇರಿಗೆ ಸೇರಿಸಿಕೊಳ್ಳಬಹುದಾದ ಕೋಡನ್ನು ನಡೆಸುತ್ತೇನೆ. ಅದನ್ನು ಬಳಸುವವರು ಯಾರೆಂದು ನನಗೆ ಗೊತ್ತಾಗುವುದು ಅದು ಮುರಿದಾಗ ಮಾತ್ರ.

2024ರ ಮಾರ್ಚಿನಲ್ಲಿ ಫೈಲುಗಳನ್ನು ಕುಗ್ಗಿಸುವ ಎಕ್ಸ್‌ಝಡ್ ಎಂಬ ಲೈಬ್ರರಿಯಲ್ಲಿ, ಕದ್ದು ಒಳನುಗ್ಗಲು ಇಟ್ಟ ಹಿಂಬಾಗಿಲು ಸಿಕ್ಕಿತಲ್ಲ, ಆ ಕಥೆಯ ಎರಡು ತುದಿ ನನ್ನನ್ನು ಬಿಡುತ್ತಿಲ್ಲ. ಒಂದು ತುದಿಯಲ್ಲಿ ಅದನ್ನು ವರ್ಷಗಟ್ಟಲೆ ಬಹುತೇಕ ಒಬ್ಬರೇ, ಸಂಬಳ ಇಲ್ಲದೆ ನಡೆಸಿದ ಲಾಸ್ಸೆ ಕೊಲಿನ್. ತನ್ನ ಮನಸ್ಸಿನ ಆರೋಗ್ಯ ಸರಿಯಿಲ್ಲ ಎಂದು ಅವರು ಬರೆದರೂ, ಬೇಗ ಮಾಡಿ, ಆಗದಿದ್ದರೆ ಬೇರೆಯವರಿಗೆ ಬಿಟ್ಟುಕೊಡಿ ಎಂದು ಗುರುತಿಲ್ಲದವರು ಒತ್ತಾಯ ಮಾಡಿದರು. ಸಹಾಯ ಮಾಡುತ್ತೇನೆ ಎಂದು ಬಂದು, ಎರಡು ವರ್ಷಕ್ಕೂ ಹೆಚ್ಚು ಕಾಲ ನಂಬಿಕೆ ಗಳಿಸಿದ ಹೆಸರೇ ಕೊನೆಗೆ ಹಿಂಬಾಗಿಲು ಸೇರಿಸಿತು. ಇನ್ನೊಂದು ತುದಿಯಲ್ಲಿ ಆಂಡ್ರೆಸ್ ಫ್ರಾಯಿಂಡ್. ಅವರದು ಡೇಟಾಬೇಸಿನ ಕೆಲಸ. ಎಸ್‌ಎಸ್‌ಎಚ್ ಲಾಗಿನ್ (ದೂರದಿಂದ ಸರ್ವರ್ ಒಳಗೆ ಹೋಗುವುದು) ಅರ್ಧ ಸೆಕೆಂಡ್ ತಡವಾಗುತ್ತಿದೆ ಎಂದು ಅವರಿಗೆ ಕಂಡಿತು. ಅರ್ಧ ಸೆಕೆಂಡ್! ಬೇರೆ ಯಾರಾದರೂ ಹೋಗಲಿ ಬಿಡು ಎನ್ನುತ್ತಿದ್ದರು. ಅವರು ಬಿಡಲಿಲ್ಲ, ಬೆನ್ನುಹತ್ತಿದರು. ಅದಿಲ್ಲದಿದ್ದರೆ ಆ ಹಿಂಬಾಗಿಲು ಲೆಕ್ಕವಿಲ್ಲದಷ್ಟು ಲಿನಕ್ಸ್ ಸರ್ವರ್‌ಗಳ ಒಳಗೆ ಕೂರುತ್ತಿತ್ತು.

ನಮ್ಮ ಬಳಿ ಬರುವ ಟಿಕೆಟ್‌ಗಳಲ್ಲಿ ಆ ಅರ್ಧ ಸೆಕೆಂಡಿನಂಥದ್ದು ಎಷ್ಟಿವೆಯೋ. ನಾನೂ ಬೆಳಗಿನ ಜಾವ ನಾಲ್ಕಕ್ಕೆ ಅಲಾರಂ ಬಂದರೆ ಕೆಲವೊಮ್ಮೆ ಲಾಗ್ ನೋಡದೆ ರೀಸ್ಟಾರ್ಟ್ ಮಾಡಿ ಮಲಗಿದ್ದೇನೆ. ಈಗ ಹಾಗೆ ಮಾಡುವುದಿಲ್ಲ. ಕನಿಷ್ಠ ಲಾಗನ್ನು ತೆಗೆದಿಟ್ಟು ಆಮೇಲೆ ರೀಸ್ಟಾರ್ಟ್.

ಕೀಲಿಮಣೆ

ಎರಡು ದಿನ ಏನೂ ಬರೆಯಲಿಲ್ಲ. ಕೌಂಟರ್ ಮೇಡಂ ಬರೆದದ್ದಕ್ಕೆ ಏನು ಹೇಳಬೇಕು ಎಂದು ತಿಳಿಯಲಿಲ್ಲ.

ಮೊದಲ ಪೋಸ್ಟಿನಲ್ಲಿ ಒಂದು ವಿಷಯ ಪೂರ್ತಿ ಹೇಳಿರಲಿಲ್ಲ. ಆ ಟಿಕೆಟ್ ಮುಚ್ಚಿದ್ದು ನಾನು. ಸಿಸ್ಟಮಿನಲ್ಲಿ ನನ್ನ ಹೆಸರೇ ಇದೆ. ಬಂದ ದಿನವೇ, ಹನ್ನೆರಡು ನಿಮಿಷದಲ್ಲಿ ಮುಚ್ಚಿದ್ದೇನೆ. ಅವತ್ತು ರಿಲೀಸ್ ಇತ್ತು. ಲ್ಯಾಪ್‌ಟಾಪಿನಲ್ಲಿ ಒಮ್ಮೆ ನೋಡಿದೆ, ಸರಿ ಬಂತು, ಮುಚ್ಚಿದೆ. ಟಿಕೆಟ್ಟಿನಲ್ಲಿ "ರಕ್ತ ಪರೀಕ್ಷೆಯವರಿಗೆ ಮಾತ್ರ ಹೀಗೆ" ಎಂದು ಅವರು ಸ್ಪಷ್ಟವಾಗಿ ಬರೆದಿದ್ದರು. ಅದೊಂದು ಸಾಲು ಓದಿದ್ದರೆ ಸಾಕಿತ್ತು. ಜನ ಹೇಳಲಿಲ್ಲ ಎಂದು ಇಲ್ಲಿ ಬರೆದೆ. ಅವರು ಹೇಳಿದ್ದರು. ತುಂಬ ನಾಚಿಕೆ ಆಗುತ್ತಿದೆ.

"ತೊಂದರೆ ತಿಳಿಸಿ" ಬಟನ್ ಒತ್ತಿದರೆ ಎಲ್ಲಿಗೆ ಹೋಗುತ್ತದೆ ಎಂದೂ ನೋಡಿದೆ. ಒಂದು ಇಮೇಲ್ ಪೆಟ್ಟಿಗೆಗೆ. ಅದನ್ನು ನೋಡುತ್ತಿದ್ದವರು ಕೆಲಸ ಬಿಟ್ಟು ಹೋಗಿದ್ದಾರೆ, ಬೇರೆ ಯಾರಿಗೂ ವಹಿಸಿಲ್ಲ. ಅದರಲ್ಲಿ ಓದದ ಪತ್ರಗಳಿದ್ದವು. ದಿನಾಂಕದ ಬಗ್ಗೆಯೇ ಹದಿನೇಳು.

ಚೀಟಿಯ ಫೋಟೋ ತೆಗೆದುಕೊಂಡು ಮ್ಯಾನೇಜರ್ ಹತ್ತಿರ ಹೋದೆ. ಹದಿನೇಳು ಪತ್ರಗಳನ್ನೂ ಓದಿಸಿದೆ. ಎರಡು ದಿನ ಸಿಕ್ಕಿತು. ಕೋಡ್ ಸಿದ್ಧವಾಗಿದೆ, ಟೆಸ್ಟ್ ಮೂರೂ ವಲಯದಲ್ಲಿ ಹಸಿರು. ಇವತ್ತು ರಾತ್ರಿ ರಿಲೀಸ್.

ಕೌಂಟರ್ ನಂ. 3

ಸರ್, ರಾತ್ರಿ ಬಿಡಬೇಡಿ! ದಯವಿಟ್ಟು ನಿಲ್ಲಿಸಿ.

ಸಕ್ಕರೆ ಕಾಯಿಲೆಯವರು ಪದೇ ಪದೇ ಪರೀಕ್ಷೆಗೆ ಬರುತ್ತಾರೆ. ಏಳು ತಿಂಗಳಲ್ಲಿ ಅವರಿಗೆ ಒಂದು ದಿನ ಸೇರಿಸಿಕೊಳ್ಳುವುದು ರೂಢಿ ಆಗಿಹೋಗಿರುತ್ತದೆ. ನಾಳೆಯಿಂದ ಸರಿಯಾದ ದಿನಾಂಕ ಹೋದರೆ ಅವರು ಅದಕ್ಕೂ ಒಂದು ದಿನ ಸೇರಿಸಿ, ಒಂದು ದಿನ ತಡವಾಗಿ ಬರುತ್ತಾರೆ. ಇನ್ನು ಈಗಾಗಲೇ ತಪ್ಪು ಮೆಸೇಜ್ ಹೋಗಿರುವವರೂ ಇದ್ದಾರಲ್ಲ? ಅವರಿಗೆ ಸೇರಿಸಬೇಕು, ಇವರಿಗೆ ಸೇರಿಸಬಾರದು. ಚೀಟಿಯಲ್ಲಿ ಏನು ಬರೆಯುತ್ತೀರಿ?

ಮೊದಲು ಆ ಕೌಂಟರಿನವರಿಗೆ ಫೋನ್ ಮಾಡಿ. ಯಾವ ದಿನ ಪರೀಕ್ಷೆ ಕಡಿಮೆ, ಯಾರು ಪದೇ ಪದೇ ಬರುವವರು ಎಂದು ಅವರಿಗೆ ಗೊತ್ತಿರುತ್ತದೆ. ಮೆಸೇಜಿನಲ್ಲಿ ವಾರದ ಹೆಸರನ್ನೂ ಹಾಕಿ. 14 ಎನ್ನುವುದಕ್ಕಿಂತ "ಮಂಗಳವಾರ" ಎಂದರೆ ಜನ ನೆನಪಿಟ್ಟುಕೊಳ್ಳುತ್ತಾರೆ.

ಪರೀಕ್ಷಕಿ

ಇದು ನನಗೂ ಹೊಳೆಯಲಿಲ್ಲ. ಟೆಸ್ಟ್ ಹಸಿರಾಯಿತು ಎಂದರೆ ಮುಗಿಯಿತು ಎಂದುಕೊಂಡಿದ್ದೆ.

ಕೀಲಿಮಣೆ

ನಿಲ್ಲಿಸಿದೆ. ಮೇಡಂ, ನೀವು ಹೇಳದಿದ್ದರೆ ಇನ್ನೊಂದು ಅನಾಹುತ ಮಾಡುತ್ತಿದ್ದೆ.

ಕೀಲಿಮಣೆ

ಹತ್ತು ದಿನದ ಮೇಲೆ ಬರೆಯುತ್ತಿದ್ದೇನೆ.

ಆ ಕೌಂಟರಿನವರ ಜೊತೆ ಒಂದು ಬೆಳಗ್ಗೆ ಪೂರ್ತಿ ಕೂತೆ. ಮೆಸೇಜ್ ಹೋಗುವುದು ಪರೀಕ್ಷೆಗೆ ಎರಡು ದಿನ ಮೊದಲು. ಹಾಗಾಗಿ ಗೊಂದಲ ಆಗುವುದು ಎರಡೇ ದಿನದ ಮಂದಿಗೆ. ಅವರ ಪಟ್ಟಿ ತೆಗೆದೆವು, ಅರವತ್ತಮೂರು ಹೆಸರು. ಅರ್ಧಕ್ಕೆ ಅವರು ಫೋನ್ ಮಾಡಿದರು, ಅರ್ಧಕ್ಕೆ ನಾನು. ಮೆಸೇಜಿಗೆ ವಾರದ ಹೆಸರು ಸೇರಿಸಿದ್ದೇವೆ. ಒಂದು ತಿಂಗಳು "ಇದೇ ಸರಿಯಾದ ದಿನ, ಒಂದು ದಿನ ಸೇರಿಸಬೇಡಿ" ಎಂಬ ಸಾಲೂ ಇರುತ್ತದೆ. ಆ ಸಾಲು ಅವರೇ ಬರೆದದ್ದು. ನಾನು ಬರೆದದ್ದು ಉದ್ದ ಆಗಿತ್ತು.

ಆದರೂ ಇಬ್ಬರು ಒಂದು ದಿನ ತಡವಾಗಿ ಬಂದರಂತೆ. ಒಬ್ಬರು "ನಂದೇ ತಪ್ಪು" ಎಂದರಂತೆ. ಅಲ್ಲ, ತಪ್ಪು ಕಂಪ್ಯೂಟರಿನದು, ಈಗ ಸರಿಮಾಡಿದ್ದಾರೆ ಎಂದು ಹೇಳಿ, ಅವತ್ತೇ ರಕ್ತ ತೆಗೆದು ಕಳಿಸಿದ್ದಾರೆ.

ಆ ಇಮೇಲ್ ಪೆಟ್ಟಿಗೆ ಈಗ ನನ್ನ ಪಾಲಿಗಿದೆ. ದಿನಾ ಬೆಳಗ್ಗೆ ಮೊದಲು ಅದನ್ನೇ ನೋಡುತ್ತೇನೆ.

ಕೌಂಟರ್ ನಂ. 3

ತುಂಬ ಸಂತೋಷ ಆಯಿತು ಸರ್. ಒಂದು ಪ್ರಶ್ನೆ. ನಿಮ್ಮ ಸಾಫ್ಟ್‌ವೇರ್ ಬೇರೆ ಆಸ್ಪತ್ರೆಗಳಲ್ಲೂ ಇದೆ ಅಲ್ವಾ? ಅಲ್ಲಿ ಏನು ಮಾಡುತ್ತಿದ್ದಾರೆ ಕೇಳಿದಿರಾ?

ಕೀಲಿಮಣೆ

ಇನ್ನೂ ನಾಲ್ಕು ಕಡೆ ಇದೆ. ನಿನ್ನೆ ಎರಡು ಕಡೆ ಫೋನ್ ಮಾಡಿದೆ. ಒಂದು ಕಡೆ ಅವರೂ ಗಾಜಿನ ಮೇಲೆ ಚೀಟಿ ಅಂಟಿಸಿದ್ದಾರಂತೆ. ದಿನಾಂಕದ ಬಗ್ಗೆ ಅಲ್ಲ, ಬೇರೆ ಏನೋ ಬರೆದಿದೆಯಂತೆ. ಫೋಟೋ ತೆಗೆದು ಕಳಿಸಿ ಎಂದು ಕೇಳಿದ್ದೇನೆ. ನಾಳೆ ಹೋಗಿ ನೋಡಿಕೊಂಡು ಬರುತ್ತೇನೆ.